ಸೊನ್ನೆ ಬರೆದ ನೋಟುಪುಸ್ತಕ

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಒಂದು ಕೆಲಸ ಹೊತ್ತು ತಂದಳು. ‘ಆಹಾರ ವ್ಯರ್ಥ ಮಾಡಬಾರದು’ ಎಂಬ ವಿಷಯದ ಮೇಲೆ ಭಿತ್ತಿಚಿತ್ರ ಬರೆಯಬೇಕಂತೆ. ಅಂಗಡಿಯಿಂದ ದಪ್ಪ ಹಾಳೆ, ಬಣ್ಣದ ಪೆನ್ನು ಬಂದವು. ಭೂಮಿತಾಯಿಯ ಕಣ್ಣಲ್ಲಿ ನೀರು ಮೂಡಿತು, ತುಂಬಿದ ತಟ್ಟೆಯ ಮೇಲೆ ಕೆಂಪು ಗೆರೆ ಬಿತ್ತು. ಚಿತ್ರ ಮುಗಿಸುವ ಭರದಲ್ಲಿ ಆಕೆಯೇ ಅರ್ಧ ಚಪಾತಿಯನ್ನು ತಟ್ಟೆಯಲ್ಲಿ ಬಿಟ್ಟು ಎದ್ದಳು. ನಾನು ನಕ್ಕೆ. ನಕ್ಕ ಮೇಲೆ ನಾಚಿಕೆಯೂ ಆಯಿತು. ಈ ಪಾಠದಲ್ಲಿ ಅವಳ ಶಾಲೆಗಿಂತ ಬಹಳ ಮೊದಲೇ ತಪ್ಪಿದವನು ನಾನು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಪಾಠ ಹೇಳುತ್ತಿದ್ದಾಗ ಪರಿಸರದ ಪಾಠ ಬಂತೆಂದರೆ ನಾನೊಂದು ಲೆಕ್ಕ ಕೊಡುತ್ತಿದ್ದೆ. ಏಳು ದಿನ ಮನೆಯಲ್ಲಿ ಉಳಿದು ಚೆಲ್ಲಿಹೋದ ಅನ್ನ, ಸಾರು, ರೊಟ್ಟಿ ಎಷ್ಟೆಂದು ಬಟ್ಟಲಿನಿಂದ ಅಳೆದು ಬರೆದು ತರಬೇಕು. ಬರಿಯ ಉಪದೇಶಕ್ಕಿಂತ ಅಳತೆ ಲೇಸು ಎಂಬುದು ನನ್ನ ನಂಬಿಕೆಯಾಗಿತ್ತು. ಇಂದಿಗೂ ಆ ನಂಬಿಕೆ ಹೋಗಿಲ್ಲ. ಆದರೆ ಅಳೆದುದನ್ನು ಓದಲು ಮೇಷ್ಟ್ರಿಗೆ ಬರಬೇಕಲ್ಲ!

ಕಂಪ್ಲಿಯ ಹುಡುಗನೊಬ್ಬ ಮೊದಲ ದಿನವೇ ಎದ್ದು ನಿಂತು, “ನಮ್ಮನೆಯಾಗ ಉಳಿದದ್ದೆಲ್ಲಾ ಎಮ್ಮೆಗೆ ಹಾಕ್ತಾರ್ರಿ, ಅದನ್ನ ಬರಿಬೇಕಾ ಬ್ಯಾಡಾ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮುಸುರೆ ಬಾನಿಯಿರುವ ಮನೆಯ ಲೆಕ್ಕವೂ ಕಸದ ಬುಟ್ಟಿಯಿರುವ ಮನೆಯ ಲೆಕ್ಕವೂ ಒಂದಲ್ಲವೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಸಂಡೂರಿನ ಒಬ್ಬ ಹುಡುಗಿಯ ಪುಸ್ತಕದಲ್ಲಿ ಪ್ರತಿದಿನವೂ ‘ಒಂದು ತಟ್ಟೆ ಅನ್ನ’ ಎಂದಿತ್ತು. ತರಗತಿಗೆಲ್ಲ ಅದೇ ಹೆಚ್ಚಿನದು. ಹೆಸರು ಹೇಳದೆ ಅದನ್ನೇ ಉದಾಹರಣೆಯಾಗಿ ಎತ್ತಿಕೊಂಡು ಅರ್ಧ ಗಂಟೆ ಭಾಷಣ ಮಾಡಿದೆ. ಎರಡು ದಿನಗಳ ತರುವಾಯ ಅವಳ ತಾಯಿ ಬಂದರು. “ಸರ್, ನಿಮ್ಮ ಲೆಕ್ಕದ ದೆಸೆಯಿಂದ ಅತ್ತೆ ಕೈಲಿ ದಿನಾ ಬೈಸಿಕೊಳ್ಳೋದಾಗೈತ್ರಿ” ಎಂದರು. ಅದು ಗಣಿಗಾರಿಕೆ ಉಚ್ಛ್ರಾಯದಲ್ಲಿದ್ದ ಕಾಲ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವುದಕ್ಕೆ ಕೆಲವು ವರ್ಷಗಳ ಹಿಂದಿನ ಮಾತು. ಆಕೆಯ ಪತಿ ಅದಿರಿನ ಲಾರಿ ಓಡಿಸುತ್ತಿದ್ದರು. ರಾತ್ರಿ ಬರುತ್ತೇನೆಂದು ಹೋದವರು ಲಾರಿಗಳ ಸಾಲಿನಲ್ಲಿ ಸಿಕ್ಕಿ ಬೆಳಿಗ್ಗೆ ಬರುತ್ತಿದ್ದರು. ಮಗನ ಪಾಲಿನ ಅನ್ನ ಮುಚ್ಚಿಡಲೇಬೇಕೆಂದು ಹೇಳುತ್ತಿದ್ದವರೂ ಅತ್ತೆಯೇ. ಅದು ಹಳಸಿತೆಂದು ಬೈಯುತ್ತಿದ್ದವರೂ ಅವರೇ. ಇಷ್ಟು ದಿನ ಬಾಯಿಮಾತಿನಲ್ಲಿದ್ದ ಬೈಗುಳಕ್ಕೆ ನಾನು ಲಿಖಿತ ಆಧಾರ ಒದಗಿಸಿದ್ದೆ.

ಇನ್ನೊಂದು ಪ್ರಸಂಗವನ್ನು ಇದುವರೆಗೆ ಮನೆಯವರಲ್ಲೂ ಹೇಳಿರಲಿಲ್ಲ. ಒಬ್ಬ ಹುಡುಗ ಏಳೂ ದಿನಕ್ಕೆ ಸೊನ್ನೆ ಬರೆದು ತಂದ. ಕೆಲಸ ಮಾಡದೆ ತಪ್ಪಿಸಿಕೊಳ್ಳುವ ಉಪಾಯವೆಂದು ಬಗೆದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಒಂದು ಮಾತೂ ಆಡಲಿಲ್ಲ. ಸಂಜೆ ಸಹೋದ್ಯೋಗಿಯೊಬ್ಬರು ಹೇಳಿದರು: ಆ ತಾಯಿ ಕೂಲಿಯಿಂದ ಮರಳುವಾಗ ಅಂದಂದಿನ ಅಕ್ಕಿಯನ್ನು ಅಂದಂದೇ ತರುವವಳು. ಆ ಮನೆಯ ಸೊನ್ನೆ ನಿಜವಾದ ಸೊನ್ನೆ. ಮರುದಿನ ಅವನಿಗೆ ಪೂರ್ಣ ಅಂಕ ಕೊಟ್ಟೆ. ಕ್ಷಮೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಅವನೀಗ ಎಲ್ಲಿದ್ದಾನೋ, ಇದನ್ನು ಓದಿದರೆ ಆ ಮಾತು ಇಲ್ಲಿ ಬರೆದದ್ದೆಂದೇ ತಿಳಿಯಲಿ.

ಹಾಗೆಂದು ಈ ವಿಷಯ ಮಕ್ಕಳಿಗೆ ಬೇಡವೆಂದು ನಾನು ಹೇಳಲಾರೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದೂ, ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ನಮ್ಮ ಸೀಮೆಯ ಮಕ್ಕಳಿಗೆ ಅಷ್ಟು ದೂರದ ಲೆಕ್ಕವೂ ಬೇಡ. ಒಂದು ಕಿಲೋ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕೆಂಬ ಅಂದಾಜಿದೆ. ಆ ಪ್ರಕಾರ 40 ಗ್ರಾಂ ಭತ್ತಕ್ಕೆ 100 ಲೀಟರ್, ಅಂದರೆ ಆರೇಳು ಕೊಡ. ಕಂಪ್ಲಿಯ ಗದ್ದೆಗೆ ಆ ಕೊಡಗಳು ಬರುವುದು ತುಂಗಭದ್ರೆಯಿಂದ. ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕಿತ್ತುಹೋದಾಗ ಕಣ್ಣೆದುರೇ ಹರಿದುಹೋದ ನೀರನ್ನು ಕಂಡು ಎಷ್ಟು ಮನೆಗಳಲ್ಲಿ ನಿದ್ದೆ ಹತ್ತಲಿಲ್ಲ!

ನನ್ನ ತಕರಾರು ಬೇರೆ. ಉಳಿಯುವ ಅನ್ನವನ್ನು ನಿರ್ಧರಿಸುವವರು ಮಕ್ಕಳಲ್ಲ. ಹೊರಗೆ ತಿಂದು ಬಂದು ‘ನನಗೆ ಬೇಡ’ ಎನ್ನುವ ಗಂಡಸರು, ಬೇಡವೆಂದರೂ ಇನ್ನೊಂದು ಸೌಟು ಬಡಿಸುವ ಹಿರಿಯರು, ಹೇಳದೆ ಬರುವ ನಮ್ಮಂಥ ನೆಂಟರು ನಿರ್ಧರಿಸುತ್ತೇವೆ. ಮಗುವಿನ ಮುಂದೆ ತಟ್ಟೆ ತುಂಬಿಸಿಟ್ಟು, ಖಾಲಿ ಮಾಡೆಂದು ಗದರಿಸಿ ಅದಕ್ಕೆ ಸಂಸ್ಕಾರವೆಂದು ಹೆಸರಿಡುತ್ತೇವೆ. ಹಂಪಿಯ ಭೋಜನ ಶಾಲೆಯಲ್ಲಿ ನೀರಿನ ಕಾಲುವೆಯ ಎರಡೂ ಬದಿಗೆ ಸಾಲಾಗಿರುವ ಕಲ್ಲಿನ ತಟ್ಟೆಗಳನ್ನು ನೀವೆಲ್ಲ ಪ್ರವಾಸದಲ್ಲಿ ನೋಡಿದ್ದೀರಿ. ಪಲ್ಯಕ್ಕೆ, ಸಾರಿಗೆ ಎಂಬಂತೆ ಅದರಲ್ಲಿ ಬೇರೆ ಬೇರೆ ಗುಳಿಗಳಿವೆ. “ಇದರಾಗ ಎರಡನೇ ಸಲ ಬಡಿಸಾಕ ಜಾಗನೇ ಇಲ್ರಿ” ಎಂದು ಒಬ್ಬಳು ನಗಿಸಿದ್ದಳು.

ಆದ್ದರಿಂದ ಭಿತ್ತಿಚಿತ್ರದ ಬದಲು ಮಗುವಿಗೆ ಒಂದು ಅಧಿಕಾರ ಕೊಡಿ ಎನ್ನುತ್ತೇನೆ. ಸಂಜೆ ಆರಕ್ಕೆ ರಾತ್ರಿ ಊಟಕ್ಕೆ ಯಾರಿದ್ದೀರಿ, ಯಾರಿಲ್ಲ ಎಂದು ಕೇಳಿ, ಪಾವಿನಲ್ಲಿ ಅಕ್ಕಿ ಅಳೆದು, ರೊಟ್ಟಿಯ ಎಣಿಕೆ ಹೇಳುವ ಕೆಲಸ ಅದರದ್ದಾಗಲಿ. ತಂದೆಗೆ ಫೋನು ಮಾಡಿ ಕೇಳುವ ಹಕ್ಕೂ ಇರಲಿ. ಪಾವಿನ ಲೆಕ್ಕ ಗಣಿತವೂ ಹೌದು. ಉಳಿದುದನ್ನು ಶಾಲೆಗೆ ಬರೆದು ಒಪ್ಪಿಸುವುದು ಬೇಡ. ಅದು ಮನೆಯೊಳಗಿನ ಮಾತು.

ನಮ್ಮ ಮನೆಯಲ್ಲಿ ಭಾನುವಾರದಿಂದ ಇದು ನಡೆದಿದೆ. ನಿನ್ನೆ ಸಂಜೆ ಹಸಿವಿಲ್ಲವೆಂದು ಹೇಳಿದ್ದೆ. ಎಂಟೂವರೆಗೆ ಒಗ್ಗರಣೆಯ ಘಮಕ್ಕೆ ಸೋತು ಹೋಗಿ ಕುಳಿತರೆ, “ತಾತ, ನಿಮ್ಮ ಹೆಸರು ಲೆಕ್ಕದಲ್ಲಿಲ್ಲ” ಎಂದಳು. ಡಬ್ಬಿಯಲ್ಲಿದ್ದ ಮೊನ್ನೆಯ ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಂಡೆ.