ಬಿಲ್ಲಿನಲ್ಲಿಲ್ಲದ ಸಾಗುವಾನಿ

ಮಂಚದ ಕಾಲಿನ ಬುಡದಲ್ಲಿ ಒಂದು ಚಿಟಿಕೆ ಹಿಟ್ಟು. ಜರಡಿ ಹಿಡಿದ ಗೋಧಿ ಹಿಟ್ಟಿನಷ್ಟು ನಯ. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ. ಬಾಗಿ ನೋಡಿದರೆ ಮಿರಮಿರ ಮಿಂಚುವ ಪಾಲಿಶಿನ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳು. ನಮ್ಮ ಮನೆಯ ಮಂಚಕ್ಕೆ ಕುಟ್ಟೆ ಹುಳ ಹಿಡಿದದ್ದು ಗೊತ್ತಾದದ್ದು ಹೀಗೆ. ಕೊಂಡು ಇನ್ನೂ ಹನ್ನೊಂದು ತಿಂಗಳಾಗಿತ್ತು. ‘ಪಕ್ಕಾ ಸಾಗುವಾನಿ ಸಾರ್, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ’ ಎಂದು ಬೆರಳಿನ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿಸಿ ಮಾರಿದ್ದರು.

ಅಂಗಡಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ: ‘ಮನೆಯಲ್ಲಿ ತೇವ ಇದೆಯಾ?’ ಎರಡನೆಯದು ಸಲಹೆ: ‘ಬೇವಿನೆಣ್ಣೆ ಸವರಿ ನೋಡಿ.’ ಮೂರನೆಯ ಸಲ ಫೋನ್ ಎತ್ತಲಿಲ್ಲ. ಬಿಲ್ ಹುಡುಕಿ ತೆಗೆದೆವು. ಅದರಲ್ಲಿದ್ದದ್ದು ‘ಕಾಟ್ – 1’, ಅದರ ಮುಂದೆ ಮೊತ್ತ. ಸಾಗುವಾನಿ ಎಂಬ ನಾಲ್ಕು ಅಕ್ಷರ ಎಲ್ಲೂ ಇಲ್ಲ. ಅಚ್ಚಾಗಿ ಸ್ಪಷ್ಟವಾಗಿದ್ದದ್ದು ಒಂದೇ ಸಾಲು: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’

ಈ ಸಾಲಿಗೆ ಹೆದರಿ ಸುಮ್ಮನಾಗುವವರೇ ಹೆಚ್ಚು. ಹೆದರಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದಿರುವುದನ್ನೂ ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬಿಲ್ಲಿನಲ್ಲಿ ಇಷ್ಟು ದಿನ ಎಂದು ಬರೆದಿದ್ದರೆ ಅಷ್ಟು ದಿನ, ಏನೂ ಬರೆಯದಿದ್ದರೆ 30 ದಿನ. ಅದು ಮುಗಿದ ಮೇಲೆ ಬಾಗಿಲು ಮುಚ್ಚಿತು ಎಂದಲ್ಲ. ದೋಷದ ದೂರು ಕೊಡಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಇದೆ. ಅಚ್ಚಿನ ಮನೆಯಲ್ಲಿ ಒಂದು ಸಾಲು ಹಾಕಿಸಿದ ಮಾತ್ರಕ್ಕೆ ಸಂಸತ್ತಿನ ಕಾಯ್ದೆ ರದ್ದಾಗುವುದಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಕಾಯ್ದೆ ಹೇಳುವ ‘ದೋಷ’ದ ವ್ಯಾಪ್ತಿ ದೊಡ್ಡದು. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಮಾಲಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ಬಾಯಿಮಾತಿನಲ್ಲಿ ಹೇಳಿದ ಸಾಗುವಾನಿಯೂ ಇದರೊಳಗೆ ಬರುತ್ತದೆ. ಆದರೆ ಗ್ರಾಹಕ ಆಯೋಗದ ಮುಂದೆ ‘ಹಾಗೆಂದವರು ಯಾರು?’ ಎಂದು ಅಂಗಡಿಯ ವಕೀಲರು ಕೇಳಿದಾಗ ಗೆಣ್ಣಿನ ಸದ್ದನ್ನು ಸಾಕ್ಷಿಗೆ ತರುವುದು ಹೇಗೆ? ಬಿಲ್ಲಿನಲ್ಲಿ ಮರದ ಹೆಸರು ಬರೆಯದಿರುವುದನ್ನು ಮರೆವು ಎಂದು ನಾವು ನಂಬುವುದಿಲ್ಲ. ಫೋನ್ ಕೊಂಡರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನೂ ಬಿಡದೆ ಬರೆಯುತ್ತಾರೆ. ಅದರ ಎರಡರಷ್ಟು ಬೆಲೆಯ ಮಂಚಕ್ಕೆ ‘ಕಾಟ್’ ಎಂಬ ಒಂದೇ ಪದ.

ಹಿಂದೆ ಈ ಕಾಗದದ ಗೋಜು ಇರಲಿಲ್ಲ. ಆಚಾರಿ ಮನೆಯ ಜಗಲಿಯಲ್ಲೇ ಕೂತು ಮಂಚ ಮಾಡುತ್ತಿದ್ದರು. ಯಾವ ಮರ, ಎಷ್ಟು ಚೇಗು, ಎಷ್ಟು ಬಿಳಿ ಭಾಗ ಎಂಬುದು ಕಣ್ಣೆದುರೇ ಇರುತ್ತಿತ್ತು. ಕಾಲು ಅಲುಗಿದರೆ ಕರೆಯಲು ಪಕ್ಕದ ಬೀದಿಗೆ ಹೋದರೆ ಸಾಕಿತ್ತು. ಈಗ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗಿರುವುದು ಪ್ಲೈವುಡ್ಡೋ ಪುಡಿ ಅದುಮಿ ಮಾಡಿದ ಪಾರ್ಟಿಕಲ್ ಬೋರ್ಡೋ ಬಡಗಿಗೂ ತಟ್ಟನೆ ಹೇಳಲಾಗದು. ಪ್ಲೈವುಡ್ ಹಾಳೆಯ ಮೇಲೆ ಐಎಸ್ 303 ಅಥವಾ ಐಎಸ್ 710 ಎಂಬ ಮುದ್ರೆ ಇರುತ್ತದೆ. ವಾರ್ಡ್‌ರೋಬ್ ಆಗಿ ಮನೆಗೆ ಬರುವ ಹೊತ್ತಿಗೆ ಅದು ಒಳಗೆ ಹೂತುಹೋಗಿರುತ್ತದೆ.

ಅಂಗಡಿಯವರ ಕಡೆಗೂ ನ್ಯಾಯವಿದೆ, ಹೇಳಿಬಿಡೋಣ. ಪಾರ್ಟಿಕಲ್ ಬೋರ್ಡಿನ ಅಂಚಿಗೆ ದಿನಾ ಒದ್ದೆ ಬಟ್ಟೆ ತಾಗಿಸಿ, ಉಬ್ಬಿತು ಎಂದು ಜಗಳ ತೆಗೆದರೆ ತಪ್ಪು ನಮ್ಮದು. ಆದರೆ ‘ನೀರು ಬಿದ್ದರೂ ಏನೂ ಆಗಲ್ಲ’ ಎಂದು ಹೇಳಿಯೇ ಅದನ್ನು ಮಾರಿದ್ದರೆ ತಪ್ಪು ಅವರದು. ಮತ್ತೆ ಅದೇ ಪ್ರಶ್ನೆ, ಹೇಳಿದ್ದನ್ನು ಬರೆದುಕೊಟ್ಟಿದ್ದಾರೆಯೇ?

ದೂರು ಕೊಡುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. 50 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, 5 ಲಕ್ಷದವರೆಗೆ ಶುಲ್ಕವೇ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಈಗ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆನ್‌ಲೈನಿನಲ್ಲಿ ಬೆಂಗಳೂರಿನ ಕಂಪನಿಯಿಂದ ಸೋಫಾ ತರಿಸಿದ ಬೀದರಿನವರು ಬಸ್ಸು ಹತ್ತಬೇಕಾಗಿಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಅದು ಕಂಪನಿಯೊಂದಿಗೆ ಮಾತಾಡಿ ನೋಡುತ್ತದೆಯೇ ಹೊರತು ಆದೇಶ ಕೊಡುವುದಿಲ್ಲ, ಇದು ನೆನಪಿರಲಿ. ಮರ ಯಾವುದು ಎಂಬ ತಕರಾರು ಬಂದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಆಯೋಗಕ್ಕೆ ಅಧಿಕಾರವಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುವ ಪರಿಣತರಿದ್ದಾರೆ. ಗೆಣ್ಣಿನಿಂದ ಕುಟ್ಟಿ ಕೇಳಿಸಿದ ಸಾಗುವಾನಿಯ ಬಣ್ಣ ಸೂಕ್ಷ್ಮದರ್ಶಕದ ಕೆಳಗೆ ಬಯಲಾಗುತ್ತದೆ.

ಸರ್ಕಾರದ ಪಾಲಿನ ತಪ್ಪೂ ಇದೆ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂಬುದು ಕಾಯ್ದೆಯ ಆಶಯ. ಆಯೋಗಗಳಲ್ಲಿ ಅಧ್ಯಕ್ಷರು, ಸದಸ್ಯರ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ತೀರ್ಪು ಬರುವಷ್ಟರಲ್ಲಿ ಹುಳ ಮಂಚವನ್ನೇ ತಿಂದು ಮುಗಿಸಿದರೆ ಆ ತೀರ್ಪಿನಲ್ಲಿ ಮಲಗಲು ಬರುವುದಿಲ್ಲ.

ನಮ್ಮ ಮಂಚಕ್ಕೆ ಕೊನೆಗೆ ಬೇವಿನೆಣ್ಣೆಯೇ ಗತಿಯಾಯಿತು. ಮರದ ಹೆಸರು ಬರೆಸಿಕೊಳ್ಳದ ತಪ್ಪಿಗೆ ನಾವು ಕಟ್ಟಿದ ದಂಡ ಅದು. ನೀವು ಕಟ್ಟಬೇಡಿ. ಮುಂಗಡ ಕೊಡುವ ಮೊದಲೇ ಮರ ಯಾವುದು, ಬೋರ್ಡ್ ಯಾವುದು, ವಾರಂಟಿ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಬರೆಸಿ. ‘ಎಸ್ಟಿಮೇಟ್’ ಎಂದು ತಲೆಬರಹವಿರುವ ಚೀಟಿ ಕೊಟ್ಟರೆ ವಾಪಸ್ ಕೊಟ್ಟು ಬಿಲ್ ಕೇಳಿ. ಮಾಲು ಮನೆಗೆ ಬಂದ ದಿನವೇ ಅಡಿಭಾಗ, ಹಿಂಭಾಗ ಸೇರಿಸಿ ಫೋಟೊ ತೆಗೆದಿಡಿ. ಅಂಗಡಿಯವರ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ‘ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್’ ಎಂದು ಬರೆಯಲು ಹಿಂದೆಗೆದರೆ ಪಕ್ಕದ ಅಂಗಡಿಗೆ ಹೋಗಿ.