ಎಣಿಕೆಯೆಂಬ ಕಾಯಕ

ಕಾಡು ಉಳಿಯಬೇಕೆಂಬ ಮಾತಿಗೆ ಇಂದು ವಿರೋಧ ಹೇಳುವವರಿಲ್ಲ. ಆದರೆ ಆ ಕಾಡಿನಲ್ಲಿ ಏನೇನಿದೆ, ಹತ್ತು ವರ್ಷದ ಹಿಂದೆ ಇದ್ದುದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಅಂಥ ಉತ್ತರವನ್ನು ಮೂರು ದಶಕಗಳಿಂದ ದಿನದಿನವೂ ಕೂಡಿಡುತ್ತ ಬಂದಿರುವ ದೂರದ ಒಂದು ಪಕ್ಷಿ ವೀಕ್ಷಣಾ ಕೇಂದ್ರದ ಬಗ್ಗೆ ನಾಲ್ಕು ಮಾತು ಹೇಳುವುದು ಉಚಿತವೆನಿಸಿದೆ.

ಅಲಾಸ್ಕದಿಂದ ಕೆನಡಾದವರೆಗೆ, ಫಿನ್ಲೆಂಡಿನಿಂದ ಸೈಬೀರಿಯದವರೆಗೆ, ಭೂಮಿಯ ಉತ್ತರಭಾಗವನ್ನು ಸುತ್ತುವರಿದ ಸ್ಪ್ರೂಸ್, ಪೈನ್, ಬರ್ಚ್ ಮರಗಳ ಮಹಾರಣ್ಯವೇ ಬೋರಿಯಲ್ ಕಾಡು. ದೀರ್ಘ ಚಳಿಗಾಲದಲ್ಲಿ ಹಿಮ ಹೊದ್ದು ಮಲಗುವ ಈ ಕಾಡು ಬೇಸಿಗೆ ಬಂದೊಡನೆ ಹುಳುಹುಪ್ಪಟೆಗಳಿಂದ ತುಂಬುತ್ತದೆ. ಅದನ್ನೇ ನಂಬಿ ಕೋಟ್ಯಂತರ ಹಕ್ಕಿಗಳು ದಕ್ಷಿಣದಿಂದ ಬಂದು, ಗೂಡು ಕಟ್ಟಿ, ಮರಿ ಬೆಳೆಸಿ ಮರಳುತ್ತವೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಲೆಸ್ಸರ್ ಸ್ಲೇವ್ ಸರೋವರದ ಪೂರ್ವ ದಂಡೆ ಈ ಹಕ್ಕಿಗಳ ಹೆದ್ದಾರಿ. ವಿಶಾಲ ನೀರಿನ ಮೇಲೆ ಹಾರಲೊಲ್ಲದ ಹಕ್ಕಿಗಳು ಸರೋವರಕ್ಕೂ ಮಾರ್ಟನ್ ಬೆಟ್ಟಕ್ಕೂ ನಡುವಿನ ಕಿರಿದಾದ ಕಾಡುಪಟ್ಟಿಯಲ್ಲಿ ಗುಂಪುಗೂಡಿ ಸಾಗುತ್ತವೆ. ಅಲ್ಲಿ 1994ರಿಂದ ಪಕ್ಷಿ ವೀಕ್ಷಣಾಲಯವೊಂದು ಕೆಲಸ ಮಾಡುತ್ತಿದೆ. 2006ರಲ್ಲಿ ಅದಕ್ಕೆ ಜೊತೆಯಾಗಿ ಬೋರಿಯಲ್ ಪಕ್ಷಿ ಸಂರಕ್ಷಣಾ ಕೇಂದ್ರವೂ ತೆರೆಯಿತು.

ಅಲ್ಲಿನ ಕೆಲಸ ನಮ್ಮ ಸುಗ್ಗಿಯಂತೆ ಋತುವಿಗೆ ಕಟ್ಟುಬಿದ್ದದ್ದು. ವಸಂತದಲ್ಲಿ ಬರುವ ಹಕ್ಕಿಗಳ ಎಣಿಕೆ, ಬೇಸಿಗೆಯಲ್ಲಿ ಗೂಡು ಕಟ್ಟಿದವುಗಳ ಅಧ್ಯಯನ, ಅನಂತರ ಮರಳುವವುಗಳ ಎಣಿಕೆ, ಕೊನೆಗೆ ಚಳಿ ಏರುವ ರಾತ್ರಿಗಳಲ್ಲಿ ಪುಟ್ಟ ಗೂಬೆಗಳ ಸರದಿ. ಋತುವಿಗೆಂದೇ ನೇಮಕಗೊಂಡ ಯುವಜನರು ಬೆಳಕು ಹರಿಯುವ ಮುನ್ನವೇ ಎದ್ದು, ಕಣ್ಣಿಗೆ ಕಾಣದಷ್ಟು ನವಿರಾದ ಬಲೆಗಳನ್ನು ಬಿಚ್ಚುತ್ತಾರೆ. ಆಗಾಗ ಸುತ್ತು ಹಾಕಿ, ಸಿಕ್ಕ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿ ತಂದು, ಕಾಲಿಗೆ ಸಂಖ್ಯೆಯುಳ್ಳ ಹಗುರ ಲೋಹದ ಉಂಗುರ ತೊಡಿಸುತ್ತಾರೆ. ರೆಕ್ಕೆ ಅಳೆಯುತ್ತಾರೆ, ಎದೆಯ ಗರಿಯನ್ನು ಮೆಲ್ಲಗೆ ಊದಿ, ಚರ್ಮದಡಿಯಲ್ಲಿ ಪಯಣಕ್ಕೆ ಕೂಡಿಟ್ಟ ಕೊಬ್ಬೆಷ್ಟು ಎಂದು ನೋಡುತ್ತಾರೆ, ತೂಗಿ, ಬರೆದುಕೊಂಡು, ಹಾರಿಬಿಡುತ್ತಾರೆ. ಮಳೆ ಬಂದರೆ ಬಲೆ ಮುಚ್ಚಬೇಕು. ಸೊಳ್ಳೆಗಳ ಕಾಟ ಬೇರೆ. ನಾಳೆ ಮತ್ತೆ ಅದೇ ಜಾಗ, ಅದೇ ಹೊತ್ತು, ಅದೇ ಕ್ರಮ.

ಇದರಿಂದ ಏನು ಲಾಭ ಎಂದು ಯಾರಾದರೂ ಕೇಳಬಹುದು. ಸ್ಪ್ರೂಸ್ ಮರದ ಚಿಗುರು ತಿನ್ನುವ ಕಂಬಳಿಹುಳು ಹೆಚ್ಚಿದ ವರ್ಷಗಳಲ್ಲಿ ಅದನ್ನುಣ್ಣುವ ಕೆಲವು ಉಲಿಯಕ್ಕಿಗಳೂ ಹೆಚ್ಚುತ್ತವೆ. ಹುಳು ಇಳಿದಾಗ ಅವೂ ಇಳಿಯುತ್ತವೆ. ಎರಡು ವರ್ಷ ಎಣಿಸಿ ನಿಲ್ಲಿಸಿದವನಿಗೆ ಇದು ಏಳಿಗೆಯೋ ಅವನತಿಯೋ ತಿಳಿಯದು. ಉತ್ತರ ಅಮೆರಿಕದ ಹಕ್ಕಿಗಣತಿ ಬಹುಮಟ್ಟಿಗೆ ರಸ್ತೆಬದಿಯಲ್ಲಿ ನಡೆಯುತ್ತದೆ. ರಸ್ತೆಯೇ ಇಲ್ಲದ ಉತ್ತರದ ಕಾಡು ಅದರ ಕೈಗೆ ಸಿಗದು. ಅಲ್ಲಿನ ಹಕ್ಕಿಗಳನ್ನು ದಾರಿಯಲ್ಲಿ ನಿಂತು ಎಣಿಸುವುದರಿಂದಲೇ ಈ ಕೇಂದ್ರಗಳಿಗೆ ಬೆಲೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳು, ಅಂದರೆ ನೂರಕ್ಕೆ 29ರಷ್ಟು, ಇಲ್ಲವಾಗಿವೆ ಎಂದು 2019ರಲ್ಲಿ ವಿಜ್ಞಾನಿಗಳು ಹೇಳಲು ಸಾಧ್ಯವಾದದ್ದು ದಶಕಗಳ ಇಂಥ ಎಣಿಕೆ ಇದ್ದುದರಿಂದ. ಎಣಿಸದಿದ್ದರೆ ಆ ನಷ್ಟ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತಿತ್ತು.

ಕಾಡಿನ ಮೇಲಿನ ಒತ್ತಡವಾದರೂ ತಗ್ಗಿಲ್ಲ. ಮರ ಕಡಿತ, ತೈಲ ಹುಡುಕಲು ಕೊರೆದ ನೇರ ಗೆರೆಗಳು, ಬೆಂಕಿ. 2011ರ ಮೇ ತಿಂಗಳ ಕಾಳ್ಗಿಚ್ಚಿನಲ್ಲಿ ಸಮೀಪದ ಸ್ಲೇವ್ ಲೇಕ್ ಪಟ್ಟಣದ ಮೂರನೆಯ ಒಂದು ಭಾಗವೇ ಸುಟ್ಟಿತು. 2023ರಲ್ಲಿ ಕೆನಡಾದಾದ್ಯಂತ ಬೆಂದ ಕಾಡು ಸುಮಾರು 1.5 ಕೋಟಿ ಹೆಕ್ಟೇರ್. ಬೆಂಕಿಯ ಅನಂತರ ಏನು ಮರಳಿತು, ಏನು ಮರಳಲಿಲ್ಲ ಎಂದು ಹೇಳಲು ಬೆಂಕಿಗೆ ಮೊದಲಿನ ಲೆಕ್ಕ ಬೇಕು. ಆ ಲೆಕ್ಕ ಬರೆಯುವ ಕೈಗಳಿಗೋ ಕೆಲವೇ ತಿಂಗಳ ಕೂಲಿ. ಕಟ್ಟಡಕ್ಕೆ ದಾನಿಗಳು ದೊರೆಯುವರು, ದಿನನಿತ್ಯದ ಎಣಿಕೆಗೆ ದೊರೆಯುವುದು ಕಷ್ಟ. ಇದು ಎಲ್ಲ ದೇಶಗಳ ಕಥೆ. ಎಣಿಕೆಯೂ ದುಡಿಮೆಯೇ, ಅದಕ್ಕೂ ನ್ಯಾಯವಾದ ಸಂಬಳ ಸಲ್ಲಬೇಕೆಂಬುದು ನಮ್ಮ ನಿಲುವು.

ಅಲ್ಲಿ ಉಂಗುರ ತೊಡುವ ಕೆನಡಾ ಉಲಿಯಕ್ಕಿ ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ನಮ್ಮ ಮಲೆನಾಡಿಗೂ ಉತ್ತರದ ನೆಂಟರಿದ್ದಾರೆ. ಮಳೆಗಾಲ ಕಳೆದ ಮೇಲೆ ತೋಟದ ಬೇಲಿಯ ಪೊದೆಯಿಂದ 'ಚೆಕ್, ಚೆಕ್' ಎಂದು ಕೂಗುತ್ತ ಏಪ್ರಿಲ್ ತನಕ ಇರುವ ಬ್ಲೈತ್ ಜೊಂಡು ಉಲಿಯಕ್ಕಿ ಹುಟ್ಟುವುದು ಫಿನ್ಲೆಂಡಿನಿಂದ ಸೈಬೀರಿಯದವರೆಗಿನ ನಾಡಿನಲ್ಲಿ. ಕೆನಡಾದ ಉಲಿಯಕ್ಕಿಗೂ ಇದಕ್ಕೂ ಹೆಸರೊಂದೇ, ಕುಲ ಬೇರೆ. ಪಾಡು ಮಾತ್ರ ಒಂದೇ. ಎರಡು ನಾಡುಗಳಲ್ಲಿ ಒಂದು ಕೆಟ್ಟರೂ ಅದಕ್ಕೆ ಉಳಿಗಾಲವಿಲ್ಲ. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯಲ್ಲಿ ದೀರ್ಘಕಾಲದ ಲೆಕ್ಕ ಸಿಕ್ಕಿದ್ದು 338 ಪ್ರಭೇದಗಳಿಗೆ ಮಾತ್ರ. ಅವುಗಳಲ್ಲಿ ನೂರಕ್ಕೆ 60 ಇಳಿಮುಖವಾಗಿವೆ. ಉಳಿದವುಗಳ ಗತಿ ಹೇಳಲು ಸಾಕಷ್ಟು ಎಣಿಕೆಯೇ ಇಲ್ಲ.

ಬಲೆ, ಉಂಗುರಗಳು ಅನುಮತಿ ಪಡೆದ ತಜ್ಞರ ಕೆಲಸ. ಅನುಮತಿಯಿಲ್ಲದೆ ಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆದರೆ ಕಿವಿ, ಕಣ್ಣು, ಒಂದು ನೋಟುಪುಸ್ತಕಕ್ಕೆ ಯಾರ ಅಪ್ಪಣೆಯೂ ಬೇಡ. ವಿದ್ಯಾರ್ಥಿಮಿತ್ರರೇ, ರೈತಬಂಧುಗಳೇ, ನಿಮ್ಮ ತೋಟದ ಒಂದು ಮೂಲೆ ಆರಿಸಿಕೊಳ್ಳಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಹದಿನೈದು ನಿಮಿಷ ನಿಂತು ಕಂಡದ್ದನ್ನೂ ಕೇಳಿದ್ದನ್ನೂ ತಾರೀಕು ಹಾಕಿ ಬರೆದಿಡಿ. ಏನೂ ಕಾಣದ ದಿನವನ್ನೂ ತಪ್ಪದೆ ಬರೆಯಿರಿ. ಮುಂದೊಂದು ದಿನ ಈ ಬೆಟ್ಟದಲ್ಲಿ ಏನಿತ್ತು ಎಂದು ನಮ್ಮ ಮಕ್ಕಳು ಕೇಳಿದಾಗ, ನೆನಪಿನ ಜೊತೆಗೆ ತೋರಿಸಲು ಒಂದು ಪುಸ್ತಕವೂ ಇರಲಿ.