ಸರ್ವರ್ ಡೌನ್ ಅಲ್ಲ, ಸಿಪಿಯುಗೆ ಉಸಿರು ಕಟ್ಟಿದೆ

ಮಾರ್ಚ್ ಕೊನೆಯ ವಾರ. ಕುಡಿಯುವ ನೀರಿನ ಸುದ್ದಿಗೆಂದು ನಮ್ಮ ತಾಲ್ಲೂಕಿನ ಒಂದು ಪಂಚಾಯಿತಿ ಕಚೇರಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಹೊರಗೆ ಕಟ್ಟೆಯ ಮೇಲೆ ಎಂಟು-ಹತ್ತು ಜನ ಕೂತಿದ್ದರು. ಮನೆ ಉತಾರಕ್ಕೆ ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನು ಯಾರೋ ಸಾಹೇಬರು ಅಂದುಕೊಂಡು, "ಯಪ್ಪಾ, ಮೂರು ದಿನ ಆತು, ಸರ್ವರ್ ಇಲ್ಲ ಅಂತಾರ. ಎಲ್ಲಿ ಹೋಗೇತಿ ಅದು?" ಎಂದು ಕೇಳಿದರು. ಮೂರು ದಿನದ ಕೂಲಿ ಬಿಟ್ಟು ಬಂದವರ ಪ್ರಶ್ನೆ. ನಗುವಂಥದ್ದಲ್ಲ.

ಸರ್ವರ್ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಮೊಬೈಲಿನಲ್ಲಿ ಅದೇ ವೆಬ್‌ಸೈಟು ಸರಾಗವಾಗಿ ತೆರೆಯಿತು. ಕಚೇರಿಯ ಕಂಪ್ಯೂಟರ್ ಮಾತ್ರ ಕಾಲು ಗಂಟೆಗೊಮ್ಮೆ ತಾನಾಗಿಯೇ ಬಂದ್ ಆಗುತ್ತಿತ್ತು. ಸಿಪಿಯು ಎಲ್ಲಿದೆ ಎಂದು ಹುಡುಕಿದರೆ, ಮೇಜಿನ ಕೆಳಗಿನ ಕಟ್ಟಿಗೆ ಖಾನೆಯೊಳಗಿತ್ತು. ಖಾನೆಗೆ ಬಾಗಿಲು, ಸಿಪಿಯು ಮೇಲೆ ಟವೆಲ್. ಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ಬಡಿಯಿತು.

"ಧೂಳು ಭಾಳ್ರೀ ಸರ, ಅದಕ್ಕ ಮುಚ್ಚೇವಿ" ಎಂದರು ಆಪರೇಟರ್.

ಅವರ ಮಾತು ಸುಳ್ಳಲ್ಲ. ಮುಂದೆ ಡಾಂಬರು ಕಾಣದ ರಸ್ತೆ, ಸುತ್ತ ಎರೆ ಹೊಲ, ರಾಶಿಯ ಕಾಲದಲ್ಲಿ ಹೊಟ್ಟು ಹಾರಿ ಬರುತ್ತದೆ. ಆದರೆ ಉಪಾಯ ತಿರುಗುಮುರುಗಾಗಿದೆ. ಇದು ಆ ಒಂದು ಕಚೇರಿಯ ಕಥೆಯೂ ಅಲ್ಲ. ಶಾಲೆ, ಸೊಸೈಟಿ, ಜೆರಾಕ್ಸ್ ಅಂಗಡಿ, ಎಲ್ಲಿ ನೋಡಿದರೂ ನಡೆಯುವ ಕಂಪ್ಯೂಟರಿಗೆ ಹೊದಿಕೆ ಹೊದಿಸಿರುತ್ತಾರೆ, ಕೂಸಿಗೆ ಕುಲಾಯಿ ಕಟ್ಟಿದ ಹಾಗೆ.

ನಾವೆಲ್ಲ ಸಿಪಿಯು ಅನ್ನುವುದು ಇಡೀ ಡಬ್ಬಕ್ಕೆ. ನಿಜವಾದ ಸಿಪಿಯು ಅದರೊಳಗಿನ, ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಚಿಪ್. ಕೆಲಸ ಮಾಡುವಾಗ ಅದು ಕಾಯುತ್ತದೆ. ಅದರ ಮೇಲೆ ಬಾಚಣಿಗೆ ಹಲ್ಲಿನಂಥ ಅಲ್ಯುಮಿನಿಯಂ ತುಂಡು, ಆ ತುಂಡಿನ ಮೇಲೆ ಫ್ಯಾನು. ಈ ಹಲ್ಲುಗಳ ಸಂದಿಯಲ್ಲಿ ಗಾಳಿ ಆಡಿದರಷ್ಟೇ ಕಾವು ಇಳಿಯುತ್ತದೆ. ಇಳಿಯದಿದ್ದರೆ ಚಿಪ್ ಮೊದಲು ತಾನೇ ನಿಧಾನವಾಗುತ್ತದೆ. ಕಾವು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋದರೆ ಸುಟ್ಟುಹೋಗಬಾರದೆಂದು ಯಂತ್ರ ಬಂದ್ ಆಗುತ್ತದೆ. ಅಜ್ಜಿಗೆ ಕಾಣದ "ಸರ್ವರ್" ಇದೇ.

ಟ್ರ್ಯಾಕ್ಟರ್ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಧೂಳಿನ ಹೊಲದಲ್ಲಿ ದುಡಿದು ಬಂದ ಮೇಲೆ ಏರ್ ಕ್ಲೀನರ್ ಬಿಚ್ಚಿ ನೋಡುತ್ತಾರೆ, ರೇಡಿಯೇಟರ್ ಮುಂದಿನ ಜಾಲಿಗೆ ಅಂಟಿದ ಹೊಟ್ಟು ಝಾಡಿಸುತ್ತಾರೆ. ಧೂಳು ಬರುತ್ತದೆಂದು ರೇಡಿಯೇಟರಿಗೆ ಗೋಣಿಚೀಲ ಕಟ್ಟಿ ಯಾರಾದರೂ ರಂಟೆ ಹೊಡೆದದ್ದನ್ನು ನೀವು ನೋಡಿದ್ದೀರಾ? ಕಂಪ್ಯೂಟರಿಗೆ ಮಾತ್ರ ನಾವು ಆ ಗೋಣಿಚೀಲ ಕಟ್ಟುತ್ತಿದ್ದೇವೆ.

ಗಾಳಿಯನ್ನು ತಡೆಯುವುದಲ್ಲ, ಅದಕ್ಕೊಂದು ಬಾಗಿಲು ಮಾಡಿ ಅಲ್ಲಿ ಜಾಲಿ ಕಟ್ಟಬೇಕು. ಕಡಿಮೆ ಬೆಲೆಯ ಎಷ್ಟೋ ಡಬ್ಬಗಳಲ್ಲಿ ಹಿಂದುಗಡೆ ಗಾಳಿ ಹೊರಗೆ ಹಾಕುವ ಫ್ಯಾನು ಮಾತ್ರ ಇರುತ್ತದೆ, ಮುಂದೆ ಒಳಗೆಳೆಯುವ ಫ್ಯಾನು ಇರುವುದಿಲ್ಲ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ? ಸಿಡಿ ಹಾಕುವ ಸಂದಿ, ಯುಎಸ್‌ಬಿ ತೂತು, ಹಿಂದೆ ತಗಡು ಬಿದ್ದುಹೋದ ಕಿಂಡಿ, ಸಿಕ್ಕಲ್ಲೆಲ್ಲ ನುಗ್ಗುತ್ತದೆ. ಜೊತೆಗೆ ಧೂಳು. ಮೇಲೆ ಟವೆಲ್ ಹಾಕಿದರೂ ಈ ಸೆಳೆತ ನಿಲ್ಲುವುದಿಲ್ಲ, ಗಾಳಿ ಮಾತ್ರ ಕಡಿಮೆಯಾಗುತ್ತದೆ.

ನಿಮ್ಮ ಕಂಪ್ಯೂಟರ್ ಹೇಗಿದೆ ಎಂದು ತಿಳಿಯಲು ಒಂದು ಊದಿನಕಡ್ಡಿ ಸಾಕು. ರೂಮಿನ ಫ್ಯಾನು ಆರಿಸಿ, ನಡೆಯುತ್ತಿರುವ ಡಬ್ಬದ ಸಂದಿಗಳ ಹತ್ತಿರ ಹೊಗೆ ಹಿಡಿಯಿರಿ. ಹೊಗೆ ಒಳಗೆ ಹೋದರೆ ಧೂಳೂ ಅಲ್ಲೇ ಹೋಗುತ್ತಿದೆ. ಹೊರಗೆ ತಳ್ಳಿಕೊಂಡು ಬಂದರೆ ಚಲೋ. ಒಳಗೆ ಹೋಗುತ್ತಿದ್ದರೆ ಮುಂಭಾಗದಲ್ಲಿ ಒಂದು ಫ್ಯಾನು ಹಾಕಿಸಿ. ಸಾಮಾನ್ಯವಾಗಿ 120 ಮಿಲಿಮೀಟರಿನದು, ಅಳತೆ ಮಾತ್ರ ನಿಮ್ಮ ಡಬ್ಬ ನೋಡಿಯೇ ತನ್ನಿ. ಫ್ಯಾನಿನ ಸ್ಟಿಕ್ಕರ್ ಇರುವ ಬದಿಗೆ ಗಾಳಿ ಹೋಗುತ್ತದೆ, ಆ ಬದಿ ಡಬ್ಬದ ಒಳಕ್ಕೆ ಇರಲಿ. ಹಿಂದಿನ ಫ್ಯಾನು ಹೊರಹಾಕುವುದಕ್ಕಿಂತ ಮುಂದಿನದು ಒಳತರುವುದು ತುಸು ಹೆಚ್ಚಾಗಬೇಕು. ಆಗ ಸಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ, ಧೂಳಿಗೆ ಅಲ್ಲಿ ದಾರಿ ಇರುವುದಿಲ್ಲ.

ಜಾಲಿ ಕಟ್ಟಬೇಕಾದದ್ದು ಈ ಮುಂದಿನ ಬಾಗಿಲಿಗೆ ಮಾತ್ರ. ಗಾಳಿ ಹೊರಹೋಗುವ ಹಿಂಬದಿಗೆ ಏನನ್ನೂ ಕಟ್ಟಬೇಡಿ. ಫ್ಯಾನಿನ ಅಳತೆಗೆ ಮಾಡಿದ ನೈಲಾನ್ ಜಾಲಿ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಸೊಳ್ಳೆ ಪರದೆಯ ತುಂಡು ಒಂದು ಪದರ. ಅದು ನುಣ್ಣನೆ ಧೂಳು ತಡೆಯುವುದಿಲ್ಲ, ಹೊಟ್ಟು, ಎಳೆ, ಹುಳ ತಡೆಯುತ್ತದೆ. ನುಣ್ಣನೆಯದೂ ನಿಲ್ಲಲಿ ಎಂದು ಪಂಚೆಯ ಬಟ್ಟೆ ಮಡಚಿ ಕಟ್ಟಬೇಡಿ. ಈ ಫ್ಯಾನುಗಳ ಸೆಳೆತ ಮೆತ್ತಗಿರುತ್ತದೆ, ದಪ್ಪ ಬಟ್ಟೆಯ ಮುಂದೆ ಸೋಲುತ್ತವೆ. ಜಾಲಿ ಹಾಕುವ ಮೊದಲು ಒಮ್ಮೆ, ಹಾಕಿ ಒಂದು ಗಂಟೆ ಕೆಲಸ ಮಾಡಿದ ಮೇಲೆ ಒಮ್ಮೆ ಕಾವು ನೋಡಿ. ಅದನ್ನು ತೋರಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ. ಎರಡು-ಮೂರು ಡಿಗ್ರಿ ಏರಿದರೆ ಇರಲಿ, ಹತ್ತು ಏರಿದರೆ ಜಾಲಿ ಬಿಗಿಯಾಯಿತು.

ಜಾಲಿ ಕಟ್ಟಿ ಮರೆತರೆ ಅದೂ ಟವೆಲ್ಲೇ. ನಮ್ಮ ಕಡೆಯ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಡಬ್ಬವನ್ನು ನೆಲದಿಂದ ಎತ್ತಿಡಿ, ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಕಸ ಗುಡಿಸುವ ಮೊದಲು ನೀರು ಚಿಮುಕಿಸುವ ನಮ್ಮ ಹಳೆಯ ರೂಢಿ ಕಂಪ್ಯೂಟರ್ ರೂಮಿಗೂ ಒಳ್ಳೆಯದು, ನೆಲಕ್ಕಷ್ಟೇ ಚಿಮುಕಿಸಿ. ಟವೆಲ್ ಬೇಕೇ ಬೇಕೆಂದರೆ ಸಂಜೆ ಬಂದ್ ಮಾಡಿ, ಆರಿದ ಮೇಲೆ ಹೊದಿಸಿ. ಬೆಳಿಗ್ಗೆ ಮೊದಲು ಅದನ್ನು ತೆಗೆದೇ ಗುಂಡಿ ಒತ್ತಿ.

ಒಳಗೆ ಆಗಲೇ ಕೂತ ಧೂಳಿಗೆ ನಮ್ಮೂರುಗಳಲ್ಲಿ ಇನ್ನೊಂದು ಉಪಾಯವಿದೆ, ಪಂಕ್ಚರ್ ಅಂಗಡಿ. ದಯವಿಟ್ಟು ಬೇಡ. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ರಭಸವೂ ವಿಪರೀತ. ಕೈ ಬ್ಲೋವರ್ ಸಾಕು. ಪ್ಲಗ್ ಕಿತ್ತು, ಡಬ್ಬ ಅಂಗಳಕ್ಕೆ ತಂದು, ತಗಡು ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಊದಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರಬಹುದು.

ಇಷ್ಟೆಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಯಾರದು ಎಂಬುದೇ ನಮ್ಮ ತಕರಾರು. ಆ ಕಚೇರಿಯಲ್ಲಿ ಕೇಳಿದೆವು. ಕಸ ಗುಡಿಸುವವರು ಕಂಪ್ಯೂಟರ್ ಮುಟ್ಟಬಾರದು. ಆಪರೇಟರ್ ಡಬ್ಬ ಬಿಚ್ಚಬಾರದು, ಸೀಲ್ ಇದೆಯಂತೆ. ಸೀಲ್ ಹಾಕಿದವರು ಕೆಟ್ಟಾಗ ಮಾತ್ರ ಬರುತ್ತಾರೆ. ಅಂದರೆ ಕೆಡುವ ತನಕ ಕಾಯುವುದೇ ವ್ಯವಸ್ಥೆ. ಹೊಸ ಕಂಪ್ಯೂಟರಿಗೆ ಬೇಡಿಕೆ ಪತ್ರ ಹೋಗಿ ತಿಂಗಳುಗಳಾಗಿದ್ದವು, ಇದ್ದದ್ದರ ಧೂಳು ತೆಗೆಯಲು ಒಂದು ಸಾಲಿನ ಆದೇಶ ಇರಲಿಲ್ಲ. ಆಪರೇಟರಿಗೆ ಒಂದು ದಿನ ಕಲಿಸಿ, ಅವರ ಹೆಸರಿಗೇ ಈ ಕೆಲಸ ಬರೆದು, ತಾರೀಖು ಹಾಕುವ ಒಂದು ಹಾಳೆ ಗೋಡೆಗೆ ಅಂಟಿಸಬೇಕು. ಗ್ರಾಮಸಭೆಯಲ್ಲಿ ನೀವು ಚರಂಡಿ ಕೇಳುವಾಗ ಇದನ್ನೂ ಕೇಳಬಹುದು.

ಕಳೆದ ವಾರ ಮತ್ತೆ ಅತ್ತ ಹೋಗಿದ್ದೆವು. ಖಾನೆಯ ಬಾಗಿಲು ಕಳಚಿದ್ದರು, ಡಬ್ಬ ಮೇಜಿನ ಮೇಲೆ ಬಂದಿತ್ತು, ಮುಂದೆ ಹೊಸ ಫ್ಯಾನು, ಜಾಲಿ. ಅಜ್ಜಿಗೆ ಉತಾರ ಸಿಕ್ಕಿದೆಯಂತೆ. ಫ್ಯಾನು, ಜಾಲಿ ಸೇರಿ 500 ರೂಪಾಯಿಯೊಳಗೆ ಮುಗಿದಿದೆ. ಆಪರೇಟರ್ ಕೈಯಿಂದ ಕೊಟ್ಟಿದ್ದಾರೆ. ಬಿಲ್ಲು ಅವರ ಡ್ರಾಯರಿನಲ್ಲೇ ಇದೆ. "ಯಾವ ಲೆಕ್ಕದಾಗ ಹಾಕ್ಲಿ ಅಂತ ಕೇಳೇನ್ರೀ, ಇನ್ನಾ ಯಾರೂ ಹೇಳಿಲ್ಲ" ಎಂದರು.